ತೂಕ ಇಳಿಸಿದರೆ ರಕ್ತನಾಳ ಮತ್ತೆ ಸರಿ ಹೋಗುತ್ತದಾ?

ಗಲ್ಲಾಪೆಟ್ಟಿಗೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಬಟ್ಟೆ ಅಂಗಡಿ ಇದೆ, ಬೆಳಗ್ಗೆ ಬಾಗಿಲು ತೆಗೆದರೆ ರಾತ್ರಿವರೆಗೂ ಕೂತೇ ಇರುವ ಕೆಲಸ. ಎತ್ತರ 5 ಅಡಿ 6 ಇಂಚು, ತೂಕ 91 ಕೆಜಿ, ಹೊಟ್ಟೆ ಸುತ್ತಳತೆ 108 ಸೆಂ.ಮೀ. ಹೋದ ವಾರ ಚೆಕಪ್ ಮಾಡಿಸಿದೆ. ಬಿಪಿ 146/92, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 158, ಮೂರು ತಿಂಗಳ ಸರಾಸರಿ ಶುಗರ್ 6.1. ಕತ್ತಿನ ಸ್ಕ್ಯಾನಿಂಗ್‌ನಲ್ಲಿ ಎರಡೂ ಕಡೆ ರಕ್ತನಾಳದ ಗೋಡೆ ದಪ್ಪ ಆಗಿದೆ, ಎಡಗಡೆ ಸಣ್ಣ ಪ್ಲಾಕ್ (ಕೊಬ್ಬು ಕಟ್ಟಿದ ಗಂಟು) ಇದೆ ಅಂತ ಬರೆದಿದ್ದಾರೆ.

ಡಾಕ್ಟರು ಬಿಪಿಗೆ ಒಂದು, ಕೊಲೆಸ್ಟ್ರಾಲ್‌ಗೆ ಒಂದು ಮಾತ್ರೆ ಬರೆದುಕೊಟ್ಟರು. 8-10 ಕೆಜಿ ಇಳಿಸಿ ಅಂದರು. ಇಳಿಸಿದರೆ ಗೋಡೆ ಮೊದಲಿನಂತೆ ಆಗುತ್ತದಾ ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿದರು. ನಮ್ಮ ಮಾವ ಹೇಳುತ್ತಾರೆ, ಒಮ್ಮೆ ಕಟ್ಟಿಕೊಂಡದ್ದು ಹೋಗುವುದಿಲ್ಲ, ಸುಮ್ನೆ ಮಾತ್ರೆ ನುಂಗು ಅಂತ. ಪಕ್ಕದ ಅಂಗಡಿಯವರು ಬೆಳ್ಳುಳ್ಳಿ, ಶುಂಠಿ, ನಿಂಬೆ, ಜೇನು ಹಾಕಿದ ಕಷಾಯ ಕುಡಿದರೆ ನಾಳ ಪೂರ್ತಿ ಕ್ಲೀನ್ ಅನ್ನುತ್ತಾರೆ. ಯಾರ ಮಾತು ಸರಿ? ತಿಳಿದವರು ಬಿಡಿಸಿ ಹೇಳಿ.

ತುಂಗಾತೀರ
ಪಕ್ಕದ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ನಮ್ಮ ಚಿಕ್ಕಪ್ಪ ಆ ಕಷಾಯ ಕುಡಿದೇ ಬೈಪಾಸ್ ತಪ್ಪಿಸಿಕೊಂಡರು. ಹತ್ತು ವರ್ಷ ಆಯಿತು, ಗಟ್ಟಿಮುಟ್ಟಾಗಿದ್ದಾರೆ.

ನರ್ಸಕ್ಕ_ಮಂಡ್ಯ
ತುಂಗಾತೀರ ಅವರೇ, ಚಿಕ್ಕಪ್ಪ ಕಷಾಯ ಒಂದೇ ಕುಡಿದರಾ? ಮಾತ್ರೆ ನಿಲ್ಲಿಸಿದ್ದರಾ?

ತುಂಗಾತೀರ
ಮಾತ್ರೆಯೂ ತಗೊಳ್ತಿದ್ದರು. ಸಿಗರೇಟು ಬಿಟ್ಟರು. ದಿನಾ ತೋಟಕ್ಕೆ ನಡೆದೇ ಹೋಗಿ ಬರುತ್ತಾರೆ.

ನರ್ಸಕ್ಕ_ಮಂಡ್ಯ
ಹಾಗಾದರೆ ಆ ಮೂರನ್ನು ಬಿಟ್ಟು ಕಷಾಯಕ್ಕೆ ಮಾತ್ರ ಹೆಸರು ಯಾಕೆ ಕೊಡುತ್ತೀರಿ? ಎದೆನೋವು ಅಂತ ಬರುವವರಲ್ಲಿ ಕಷಾಯ ನಂಬಿ ಮಾತ್ರೆ ಬಿಟ್ಟವರನ್ನು ವಾರ್ಡಲ್ಲಿ ನೋಡುತ್ತಲೇ ಇರುತ್ತೇನೆ. ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ ರಸ ಜಾಸ್ತಿ ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು, ರಕ್ತಸ್ರಾವದ ಅಪಾಯ ಇರುತ್ತದೆ.

ಡಾ_ಮೈಸೂರು
ನಾನು ಮೆಡಿಸಿನ್ ವಿಭಾಗದ ವೈದ್ಯೆ. ಗಲ್ಲಾಪೆಟ್ಟಿಗೆ ಅವರ ಪ್ರಶ್ನೆ ಬಹಳ ಒಳ್ಳೆಯದು. ಓಪಿಡಿಯಲ್ಲಿ ಇದಕ್ಕೆ ಸಮಯ ಸಿಗುವುದಿಲ್ಲ, ಅದು ನಿಜವಾಗಿಯೂ ಬೇಸರದ ಸಂಗತಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ರಕ್ತನಾಳ ಅಂದರೆ ನಲ್ಲಿ ಪೈಪು ಅಂದುಕೊಂಡಿರುತ್ತಾರೆ. ಒಳಗೆ ಕೊಬ್ಬು ಮೆತ್ತಿಕೊಂಡಿದೆ, ಏನೋ ಹಾಕಿ ತೊಳೆದರೆ ಹೋಗುತ್ತದೆ ಅಂತ. ಅದು ಪೈಪಲ್ಲ. ಗೋಡೆಗೆ ಜೀವ ಇದೆ. ಪ್ಲಾಕ್ ಬೆಳೆಯುವುದು ಆ ಗೋಡೆಯ ಪದರಗಳ ನಡುವೆ. ಅದಕ್ಕೇ ಕಷಾಯವಾಗಲಿ ಬೇರೇನೇ ಆಗಲಿ ಅದನ್ನು ತೊಳೆದು ಹೊರಹಾಕಲು ಆಗುವುದಿಲ್ಲ.

ಗೋಡೆಯ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಇದೆ, ಎಂಡೋಥೀಲಿಯಂ. ಅದು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದರಿಂದ ನಾಳ ಸಡಿಲವಾಗುತ್ತದೆ, ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಂತು. ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ ಆದರೆ ಅದು ಸುಮ್ಮನೆ ಬಿದ್ದಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಕೆಲಸ ಕೆಡುತ್ತದೆ, ಬಿಪಿ ಏರುತ್ತದೆ. ಎಲ್ಲಾ ಸೇರಿ ಆ ತೆಳು ಪದರವನ್ನು ಸುಸ್ತು ಮಾಡುತ್ತವೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ನಾಳ ಬಿಗಿಯಾಗುತ್ತದೆ, ಎಲ್‌ಡಿಎಲ್ ಗೋಡೆಯೊಳಗೆ ನುಗ್ಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಳ ಸಡಿಲವಾಗುವ ಶಕ್ತಿ ಬೇಗ ವಾಪಸ್ ಬರುತ್ತದೆ. ನಡಿಗೆ, ಊಟದ ಬದಲಾವಣೆ ಶುರು ಮಾಡಿದ ಕೆಲವೇ ವಾರಗಳಲ್ಲಿ ಅಳೆದು ನೋಡಬಹುದಾದಷ್ಟು ಸುಧಾರಿಸುತ್ತದೆ. ಗೋಡೆಯ ಬಿರುಸುತನ ಇಳಿಯಲು ತಿಂಗಳುಗಳು ಬೇಕು. ಪ್ಲಾಕ್ ತುಂಬಾ ನಿಧಾನ, ಎಲ್‌ಡಿಎಲ್ ಚೆನ್ನಾಗಿ ಇಳಿಸಿ ವರ್ಷಗಟ್ಟಲೆ ಹಾಗೇ ಇಟ್ಟರೆ ಸ್ವಲ್ಪ ಕುಗ್ಗಬಹುದು. ಕ್ಯಾಲ್ಸಿಯಂ ಕಟ್ಟಿದ ಭಾಗ ಹೋಗುವುದಿಲ್ಲ. ಆದರೆ ಮಾವನವರ ಮಾತಿಗೆ ಇಲ್ಲೊಂದು ತಿದ್ದುಪಡಿ ಇದೆ. ಹೃದಯಾಘಾತ ಆಗುವುದು ಹೆಚ್ಚಾಗಿ ಪ್ಲಾಕ್ ಮೇಲಿನ ಮುಚ್ಚಳ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿದಾಗ. ಪ್ಲಾಕ್ ಅಷ್ಟೇ ದೊಡ್ಡದಿದ್ದರೂ ಅದರ ಮುಚ್ಚಳ ಗಟ್ಟಿಯಾದರೆ ನೀವು ಮೊದಲಿಗಿಂತ ಎಷ್ಟೋ ಸುರಕ್ಷಿತ.

ಗಲ್ಲಾಪೆಟ್ಟಿಗೆ_ದಾವಣಗೆರೆ
ಮೇಡಂ, ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸಡಿಲವಾಗುವ ಶಕ್ತಿ ಅಂದಿರಲ್ಲ, ಅದನ್ನು ಅಳೆಯುವುದು ಹೇಗೆ? ನಾನು ಮಾಡಿಸಬೇಕಾ?

ಸ್ಕ್ಯಾನ್_ರೂಮ್
ನಾನು ಸ್ಕ್ಯಾನಿಂಗ್ ಕೆಲಸದಲ್ಲಿದ್ದೇನೆ. ಅದಕ್ಕೆ ಎಫ್‌ಎಂಡಿ ಅನ್ನುತ್ತಾರೆ. ತೋಳಿಗೆ ಬಿಪಿ ಪಟ್ಟಿ ಕಟ್ಟಿ 5 ನಿಮಿಷ ಬಿಗಿಯಾಗಿ ಹಿಡಿದು ಬಿಡುತ್ತಾರೆ. ರಕ್ತ ರಭಸವಾಗಿ ನುಗ್ಗುತ್ತದೆ. ಆಗ ತೋಳಿನ ನಾಳ ಎಷ್ಟು ಅಗಲವಾಯಿತು ಅಂತ ಅಲ್ಟ್ರಾಸೌಂಡಲ್ಲಿ ನೋಡುತ್ತಾರೆ. ಸಂಶೋಧನೆಗೆ ಬಳಸುವ ಪರೀಕ್ಷೆ ಅದು, ನೀವು ಮಾಡಿಸಬೇಕಾಗಿಲ್ಲ. ಕತ್ತಿನ ಸ್ಕ್ಯಾನ್ ಕೂಡ ಪದೇಪದೇ ಬೇಡ. ಗೋಡೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕ. ಪ್ರೋಬ್ ಸ್ವಲ್ಪ ಓರೆ ಹಿಡಿದರೂ ವ್ಯತ್ಯಾಸ ಬರುತ್ತದೆ. ಮೂರು ತಿಂಗಳಿಗೊಮ್ಮೆ ಮಾಡಿಸಿ ಸಂಖ್ಯೆ ನೋಡಿ ಹೆದರುವವರು ಬಹಳ ಜನ.

ಹಾಸನದ_ಚಾಲಕ
2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಎಲ್ಲರೂ ನೋಡಿದ್ದೀರಿ. ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಕ್ಯೂ. ನಾನೂ ಬಾಡಿಗೆಗೆ ಜನರನ್ನು ಕರೆದುಕೊಂಡು ಹೋಗಿದ್ದೆ. ಸರ್ಕಾರ ಜಯದೇವ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ವರದಿ ಬಂತು. ಆದರೆ ನಮ್ಮ ಚಾಲಕರ ಬದುಕು ನೋಡಿ. ಹಗಲು ರಾತ್ರಿ ಸೀಟಲ್ಲೇ. ಊಟಕ್ಕೆ ಹೊತ್ತಿಲ್ಲ, ಸಿಕ್ಕಿದ ಕಡೆ ಪರೋಟ, ಬೋಂಡಾ, ಟೀ. ನಿದ್ದೆ ತಡೆಯಲು ಸಿಗರೇಟು. ನನಗೂ ಹೊಟ್ಟೆ ಬಂದಿದೆ. ಇಸಿಜಿ ನಾರ್ಮಲ್ ಬಂತು, ಹಾಗಾದರೆ ನಾಳ ಚೆನ್ನಾಗಿದೆ ಅಂತ ಅಲ್ವಾ?

ನರ್ಸಕ್ಕ_ಮಂಡ್ಯ
ಅಲ್ಲ ಅಣ್ಣ. ಇಸಿಜಿ ಆ ಹೊತ್ತಿನಲ್ಲಿ ಹೃದಯ ಹೇಗಿದೆ ಅಂತ ಹೇಳುತ್ತದೆ. ಗೋಡೆಯೊಳಗೆ ಪ್ಲಾಕ್ ಇದ್ದರೂ ಇಸಿಜಿ ನಾರ್ಮಲ್ ಇರಬಹುದು. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಮೊದಲು ಸಿಗರೇಟು ಬಿಡಿ. ನಿಮ್ಮ ನಾಳಗಳಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ, ಹೊಟ್ಟೆ ಕರಗುವುದಕ್ಕಿಂತ ಮುಂಚೆಯೇ ಲಾಭ ಶುರುವಾಗುತ್ತದೆ.

ಇನ್ನೊಂದು ಮಾತು, ಎಲ್ಲರೂ ಓದಿ. ಎದೆ ಒತ್ತಿದಂತಾಗಿ ಬೆವರು ಬಂದರೆ, ಎಡಗೈ ಅಥವಾ ದವಡೆ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ತಕ್ಷಣ ಇಸಿಜಿ ಮಾಡುತ್ತಾರೆ. ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿಗೋ ಮೈಸೂರಿಗೋ ಓಡುವ ಮೊದಲು ಹತ್ತಿರದ ಆಸ್ಪತ್ರೆ.

ಜಿಮ್_ಹುಡುಗ_ಹುಬ್ಬಳ್ಳಿ
ಪುನೀತ್ ಸರ್ ಹೆಸರು ಬಂತಲ್ಲ, ಕೇಳಿಯೇ ಬಿಡುತ್ತೇನೆ. ಅಷ್ಟು ವ್ಯಾಯಾಮ ಮಾಡುತ್ತಿದ್ದವರು 46ಕ್ಕೇ ಹೋದರು. ಹಾಗಿದ್ದ ಮೇಲೆ ಇದೆಲ್ಲ ಮಾಡಿ ಏನು ಪ್ರಯೋಜನ ರೀ? ನಮ್ಮ ಜಿಮ್‌ನಲ್ಲಿ ಅರ್ಧ ಜನ ಆಗಲೇ ಬಿಟ್ಟರು.

ಡಾ_ಮೈಸೂರು
ಆ ನೋವು ಎಲ್ಲರಿಗೂ ಇದೆ. ಆದರೆ ಒಬ್ಬರಿಗೆ ಆದದ್ದನ್ನು ಹಿಡಿದು ವ್ಯಾಯಾಮ ಬಿಡುವುದು ತಪ್ಪು. ನಮ್ಮ ಭಾಗದ ಜನರಿಗೆ ಅಪಾಯ ಬೇಗ ಶುರುವಾಗುತ್ತದೆ. 2004ರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಅಂತ ಗೊತ್ತಾಯಿತು. ಕಾರಣ ಹುಡುಕಿದರೆ ಅದೇ ಒಂಬತ್ತು ಅಂಶಗಳು: ಕೊಲೆಸ್ಟ್ರಾಲ್, ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ, ವ್ಯಾಯಾಮ, ಮದ್ಯ. ಒಟ್ಟು ಅಪಾಯದಲ್ಲಿ ಸುಮಾರು 90% ಇವುಗಳಿಂದಲೇ. ತೂಕ ಮತ್ತು ಎತ್ತರದ ಲೆಕ್ಕಕ್ಕಿಂತ ಸೊಂಟದ ಸುತ್ತಳತೆ ಹೆಚ್ಚು ಸರಿಯಾಗಿ ಅಪಾಯ ಹೇಳಿತು ಅನ್ನುವುದೂ ಅಲ್ಲಿಂದಲೇ ಬಂದ ಮಾತು. ಜಿಮ್ ಶುರು ಮಾಡುವ ಮೊದಲು ಒಮ್ಮೆ ಬಿಪಿ, ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯ ತೊಂದರೆ ಬಂದವರಿದ್ದರೆ ಖಂಡಿತ ಮಾಡಿಸಿ.

ನ್ಯೂಜೆರ್ಸಿ_ಕನ್ನಡಿಗ
ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅದರ ಬಗ್ಗೆ ಒಂದು ಮಾತು. ಇಲ್ಲಿನ ಚಾರ್ಟ್ ನೋಡಿದರೆ 25ರ ತನಕ ನಾರ್ಮಲ್. ನಾನು 24.5 ಇದ್ದೆ, ಆರಾಮಾಗಿದ್ದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಅಂತ ಇಲ್ಲಿಯ ಡಾಕ್ಟರೇ ಹೇಳಿದ ಮೇಲೆ ಗೊತ್ತಾಯಿತು. ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ನಮ್ಮವರಲ್ಲಿ ಕೈಕಾಲು ಸಣ್ಣ ಇದ್ದು ಹೊಟ್ಟೆ ಮುಂದೆ ಬಂದವರೇ ಜಾಸ್ತಿ.

ಕಡಲತಡಿ
ಊಟದ ವಿಷಯಕ್ಕೆ ಬನ್ನಿ ಮಾರಾಯ್ರೆ. ನಮ್ಮ ಮಂಗಳೂರು ಕಡೆ ಅಜ್ಜನ ಕಾಲದಿಂದ ತೆಂಗಿನೆಣ್ಣೆ. ಅವರಿಗೆ ಏನೂ ಆಗಲಿಲ್ಲ. ರಿಫೈನ್ಡ್ ಎಣ್ಣೆ ಬಂದ ಮೇಲೆ ಶುರುವಾಯಿತು ಈ ಕಾಯಿಲೆ.

ಡಯಟ್_ಮೇಡಂ
ಅಜ್ಜ ಗದ್ದೆಯಲ್ಲಿ ದುಡಿಯುತ್ತಿದ್ದರು, ಕರಿದದ್ದು ಹಬ್ಬಕ್ಕೆ ಮಾತ್ರ. ತೆಂಗಿನೆಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು. ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಎಲ್‌ಡಿಎಲ್ ಏರಿಸುತ್ತದೆ, ಇದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಒಗ್ಗರಣೆಗೆ ಒಂದು ಚಮಚ ಹಾಕಿದರೆ ಯಾರೂ ಸಾಯುವುದಿಲ್ಲ. ಎಲ್‌ಡಿಎಲ್ 158 ಇರುವವರು ಅದನ್ನೇ ಮುಖ್ಯ ಎಣ್ಣೆ ಮಾಡಿಕೊಳ್ಳಬಾರದು, ಅಷ್ಟೇ.

ಕಡಲತಡಿ
ಒಂದು ಚಮಚದಲ್ಲಿ ನೀರುದೋಸೆ ಜೊತೆ ಚಟ್ನಿ ಒಗ್ಗರಣೆಯೂ ಆಗುವುದಿಲ್ಲ. ನಾನು ಒಪ್ಪುವುದಿಲ್ಲ.

ಡಯಟ್_ಮೇಡಂ
ಒಪ್ಪಬೇಡಿ. ಆರು ವಾರ ಬದಲಾಯಿಸಿ, ರಕ್ತ ಪರೀಕ್ಷೆ ಮಾಡಿಸಿ, ನಿಮ್ಮ ಸಂಖ್ಯೆ ನೀವೇ ನೋಡಿ. ನನಗೆ ಇನ್ನೂ ಹೆಚ್ಚು ಚಿಂತೆ ಬಾಣಲೆಯಲ್ಲಿ ಕಪ್ಪಾಗುವ ತನಕ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದು. ಎಷ್ಟು ಕೆಟ್ಟ ಎಣ್ಣೆ ಬಳಸಬಾರದು ಅಂತ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನಿಯಮ ಮಾಡಿದೆ. ವನಸ್ಪತಿ, ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬು 2% ದಾಟಬಾರದು ಅಂತ 2022ರಿಂದ ಮಿತಿ ಇದೆ. ಬೀದಿ ಬದಿಯ ಬಾಣಲೆಯನ್ನು ಯಾರು ಅಳೆಯುತ್ತಾರೆ?

ಗಲ್ಲಾಪೆಟ್ಟಿಗೆ ಸರ್, ನಿಮ್ಮೂರಲ್ಲಿ ಸಂಜೆ ಮಂಡಕ್ಕಿ, ಮಿರ್ಚಿ, ಬೆಳಗ್ಗೆ ಬೆಣ್ಣೆದೋಸೆ. ನಿಜ ಹೇಳಿ, ವಾರಕ್ಕೆ ಎಷ್ಟು ಸಲ?

ಗಲ್ಲಾಪೆಟ್ಟಿಗೆ_ದಾವಣಗೆರೆ
ಮೇಡಂ, ಸಂಜೆ ಅಂಗಡಿಗೆ ಮಂಡಕ್ಕಿ, ಮಿರ್ಚಿ ತರಿಸುವುದು ದಿನಾ ಇದೆ. ಗಿರಾಕಿ ಬಂದರೆ ಅವರ ಜೊತೆ ಟೀ. ದೋಸೆ ಭಾನುವಾರ.

ಡಯಟ್_ಮೇಡಂ
ಭಾನುವಾರದ ದೋಸೆ ಇರಲಿ, ಅದನ್ನು ಕಿತ್ತುಕೊಂಡರೆ ನೀವು ಹದಿನೈದು ದಿನಕ್ಕೆ ಎಲ್ಲವನ್ನೂ ಬಿಡುತ್ತೀರಿ. ದಿನದ ಮಿರ್ಚಿ ನಿಲ್ಲಿಸಿ. ಮಂಡಕ್ಕಿಗೆ ಎಣ್ಣೆ ಕಡಿಮೆ ಮಾಡಿ, ಈರುಳ್ಳಿ, ಸೌತೆ, ಮೊಳಕೆ ಕಾಳು, ಒಂದು ಹಿಡಿ ಹುರಿದ ಶೇಂಗಾ ಹಾಕಿಸಿ. ಟೀಗೆ ಸಕ್ಕರೆ ಬೇಡ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ಅಂದರೆ ಒಂದು ಟೀ ಚಮಚ, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಬಂತು. ನಿಮ್ಮ ಬಿಪಿಗೆ ಇದು ಬಹಳ ಮುಖ್ಯ.

ರಾಗಿಮುದ್ದೆ_ತುಮಕೂರು
ಅನ್ನ ಬಿಟ್ಟು ಮುದ್ದೆ ತಿನ್ನಿ, ಎಲ್ಲಾ ಸರಿ ಹೋಗುತ್ತದೆ.

ಡಯಟ್_ಮೇಡಂ
ರಾಗಿಯಲ್ಲಿ ನಾರಿದೆ, ಒಳ್ಳೆಯದು. ಆದರೆ ಅದೂ ಪಿಷ್ಟವೇ. ದೊಡ್ಡ ಮುದ್ದೆ ಎರಡು ಇಳಿಸಿದರೆ ತೂಕ ಎಲ್ಲಿಂದ ಇಳಿಯಬೇಕು? ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರು, ಪಲ್ಯ, ಕಾಳು ಜಾಸ್ತಿ.

ಲೆಕ್ಕಾಚಾರ
ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತಾಡುತ್ತಿದ್ದೀರಿ, ನಾನು ವಿರುದ್ಧ ಹೇಳುತ್ತೇನೆ. ಅಮೆರಿಕದಲ್ಲಿ ಲುಕ್ ಅಹೆಡ್ ಅಂತ ದೊಡ್ಡ ಪ್ರಯೋಗ ಆಯಿತು. ಅಧಿಕ ತೂಕವೂ ಸಕ್ಕರೆ ಕಾಯಿಲೆಯೂ ಇರುವ 5,145 ಜನ. ಅರ್ಧ ಜನರಿಗೆ ಊಟ, ವ್ಯಾಯಾಮದ ಕಟ್ಟುನಿಟ್ಟಿನ ತರಬೇತಿ. 2013ರಲ್ಲಿ ಫಲಿತಾಂಶ ಬಂತು. ತೂಕ ಇಳಿಯಿತು, ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಇದನ್ನು ಯಾರೂ ಯಾಕೆ ಹೇಳುವುದಿಲ್ಲ?

ಡಾ_ಮೈಸೂರು
ಹೇಳಲೇಬೇಕಾದ ವಿಷಯ, ತಂದದ್ದು ಒಳ್ಳೆಯದಾಯಿತು. ಎರಡು ಮಾತು ಸೇರಿಸಿ ಓದಿ. ಎರಡೂ ಗುಂಪಿನವರಿಗೆ ಬಿಪಿ, ಕೊಲೆಸ್ಟ್ರಾಲ್ ಚಿಕಿತ್ಸೆ ಸಿಗುತ್ತಿತ್ತು. ಹಾಗಾಗಿ ವ್ಯತ್ಯಾಸ ಕಾಣುವುದು ಕಷ್ಟವಾಯಿತು. ಮಾತ್ರೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಇದು ಸೂಚನೆ ಇರಬಹುದು. ಮತ್ತೆ, ಮೊದಲ ವರ್ಷದಲ್ಲಿ ತೂಕದ 10% ಅಥವಾ ಹೆಚ್ಚು ಇಳಿಸಿದವರನ್ನು ಆಮೇಲೆ ಪ್ರತ್ಯೇಕ ನೋಡಿದಾಗ ಅವರಲ್ಲಿ ಹೃದಯದ ತೊಂದರೆ ಸುಮಾರು 20% ಕಡಿಮೆ ಇತ್ತು. ಆಮೇಲೆ ಮಾಡಿದ ಲೆಕ್ಕ, ಅದನ್ನೇ ಪೂರ್ತಿ ನಂಬಬೇಕಾಗಿಲ್ಲ. ಆದರೂ ಸ್ವಲ್ಪ ಇಳಿಸಿ ನಿಲ್ಲಿಸುವುದಕ್ಕೂ, ಚೆನ್ನಾಗಿ ಇಳಿಸಿ ಉಳಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅನ್ನಿಸುತ್ತದೆ.

ಸಾವಯವ_ಶಿರಸಿ
ಮಾತ್ರೆ ಇಲ್ಲದೆ ಬ್ಲಾಕ್ ಕಡಿಮೆ ಮಾಡಿ ತೋರಿಸಿದ್ದಾರಲ್ಲ, ಅಮೆರಿಕದ ಡಾಕ್ಟರ್ ಡೀನ್ ಆರ್ನಿಶ್? ಸಸ್ಯಾಹಾರ, ಧ್ಯಾನ, ನಡಿಗೆ. ನಾವು ಮೊದಲಿಂದಲೂ ಸಸ್ಯಾಹಾರಿಗಳು, ನಮಗೆ ಸುಲಭ.

ಡಾ_ಮೈಸೂರು
ಆ ಪ್ರಯೋಗ 1990ರಲ್ಲಿ ಬಂದದ್ದು, ನನಗೂ ಗೌರವ ಇದೆ. ಆದರೆ ಇದ್ದದ್ದು 48 ಜನ. ಒಂದು ವರ್ಷದಲ್ಲಿ ನಾಳದ ಕಿರಿದಾಗುವಿಕೆ ಸರಾಸರಿ 40ರಿಂದ 37.8%ಗೆ ಬಂತು. ಇನ್ನೊಂದು ಗುಂಪಿನಲ್ಲಿ ಅದು ಹೆಚ್ಚಾಯಿತು. ದಿಕ್ಕು ಒಳ್ಳೆಯದು, ಅಳತೆ ಸಣ್ಣದು. ಅವರ ಊಟದಲ್ಲಿ ಕೊಬ್ಬಿನಿಂದ ಬರುವ ಶಕ್ತಿ ಕೇವಲ 10%. ತುಪ್ಪ, ಕರಿದ ತಿಂಡಿ, ಹೋಳಿಗೆ ಇರುವ ನಮ್ಮ ಸಸ್ಯಾಹಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ತೂಕ ಇಳಿಯದಿದ್ದರೆ ಎಲ್ಲ ವ್ಯರ್ಥ ಅಂದುಕೊಳ್ಳುವವರಿಗೆ ನಾನು ಯಾವಾಗಲೂ ಚೆನ್ನೈ ಅಧ್ಯಯನ ಹೇಳುತ್ತೇನೆ. 2006ರಲ್ಲಿ ಪ್ರಕಟವಾಯಿತು, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನ. ಊಟ, ನಡಿಗೆ ಬದಲಾಯಿಸಿದವರಲ್ಲಿ ಕಾಯಿಲೆ ಬರುವುದು 28.5% ಕಡಿಮೆಯಾಯಿತು, ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ನಾಳದ ವಿಷಯವೂ ಹೀಗೆಯೇ. ನಡೆಯುವಾಗ ರಕ್ತ ರಭಸವಾಗಿ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಯೇ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವ ಸೂಚನೆ. ತಕ್ಕಡಿ ಮುಳ್ಳು ಅಲ್ಲಾಡದ ವಾರಗಳಲ್ಲೂ ಈ ಕೆಲಸ ನಡೆಯುತ್ತಿರುತ್ತದೆ. ಅದಕ್ಕೇ ಮುಳ್ಳು ನೋಡಿ ನಡಿಗೆ ಬಿಡಬೇಡಿ.

ಲೆಕ್ಕಾಚಾರ
ಇದನ್ನು ಒಪ್ಪುತ್ತೇನೆ.

ನ್ಯೂಜೆರ್ಸಿ_ಕನ್ನಡಿಗ
ಈಗ ತೂಕ ಇಳಿಸುವ ಇಂಜೆಕ್ಷನ್ ಕಾಲ. ಸೆಲೆಕ್ಟ್ ಪ್ರಯೋಗದಲ್ಲಿ 17,604 ಜನರಿಗೆ ಸೆಮಾಗ್ಲುಟೈಡ್ ಅಥವಾ ಖಾಲಿ ಇಂಜೆಕ್ಷನ್ ಕೊಟ್ಟು ನೋಡಿದರು. ಔಷಧಿ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿ 20% ಕಡಿಮೆ. 2025ರಿಂದ ಭಾರತದಲ್ಲೂ ತೂಕ ಇಳಿಸಲೆಂದೇ ಸಿಗುತ್ತಿದೆ. ಗಲ್ಲಾಪೆಟ್ಟಿಗೆ ಅವರು ಅದನ್ನೇ ತಗೊಳ್ಳಬಹುದಲ್ಲ?

ಡಾ_ಮೈಸೂರು
ಆ ಪ್ರಯೋಗದಲ್ಲಿದ್ದವರು 45 ದಾಟಿದವರು, ಆಗಲೇ ಹೃದಯಾಘಾತ, ಪಾರ್ಶ್ವವಾಯು ಅಥವಾ ಕಾಲಿನ ನಾಳದ ಕಾಯಿಲೆ ಇದ್ದವರು. ಇವರ ಸ್ಥಿತಿ ಬೇರೆ. ಔಷಧಿ ಒಳ್ಳೆಯದೇ, ಆದರೆ ನಿಲ್ಲಿಸಿದರೆ ತೂಕ ಬಹುಪಾಲು ವಾಪಸ್ ಬರುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ಇವರ ಡಾಕ್ಟರು ನೋಡಿ ತೀರ್ಮಾನಿಸಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ವಸ್ತು ಅಲ್ಲ.

ಗೃಹಿಣಿ_ಶಿವಮೊಗ್ಗ
ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅಣ್ಣ, ನೀವು ಗೊರಕೆ ಹೊಡೆಯುತ್ತೀರಾ? ನಮ್ಮ ಮನೆಯವರಿಗೆ ಮೂರು ಮಾತ್ರೆ ಕೊಟ್ಟರೂ ಬಿಪಿ ಇಳಿಯುತ್ತಿರಲಿಲ್ಲ. ರಾತ್ರಿ ಉಸಿರು ನಿಂತು ನಿಂತು ಬರುತ್ತಿತ್ತು. ಆಮೇಲೆ ನಿದ್ದೆಯ ಪರೀಕ್ಷೆ ಮಾಡಿಸಿ ಉಸಿರಾಟದ ಯಂತ್ರ ಹಾಕಿದ ಮೇಲೆ ಬಿಪಿ ಹತೋಟಿಗೆ ಬಂತು.

ಗಲ್ಲಾಪೆಟ್ಟಿಗೆ_ದಾವಣಗೆರೆ
ಅಕ್ಕ, ಮನೆಯವರನ್ನು ಕೇಳಿದೆ. ಗೊರಕೆ ಜೋರಾಗಿದೆ, ನಡುವೆ ನಿಲ್ಲುತ್ತದೆ, ಆಗ ಅವಳೇ ಅಲ್ಲಾಡಿಸುತ್ತಾಳಂತೆ. ಅಂಗಡಿಯಲ್ಲಿ ಮಧ್ಯಾಹ್ನ ತೂಕಡಿಕೆಯೂ ಇದೆ.

ಡಾ_ಮೈಸೂರು
ಇದನ್ನು ಮುಂದಿನ ಭೇಟಿಯಲ್ಲಿ ತಪ್ಪದೆ ಹೇಳಿ. ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಜಿಗಿಯುತ್ತದೆ. ರಾತ್ರಿ ವಿಶ್ರಾಂತಿ ಸಿಗಬೇಕಾದ ನಾಳಗಳಿಗೆ ವಿಶ್ರಾಂತಿಯೇ ಇಲ್ಲ. ತೂಕ ಇಳಿದರೆ ಇದೂ ಇಳಿಯುತ್ತದೆ. ಬಿಪಿಯೂ ಅಷ್ಟೇ, ಇಳಿದ ಪ್ರತಿ ಕೆಜಿಗೆ ಸುಮಾರು 1 ಅಂಕ ಇಳಿಯುತ್ತದೆ. 8 ಕೆಜಿ ನಿಮಗೆ ಸಣ್ಣ ಲಾಭ ಅಲ್ಲ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ. ಬಿಪಿ ಇಳಿದರೆ ಡಾಕ್ಟರೇ ಕಡಿಮೆ ಮಾಡುತ್ತಾರೆ.

ಹಾಸನದ_ಚಾಲಕ
ಮೇಡಂ, ನಡೆಯಲು ನಮಗೆ ಹೊತ್ತೇ ಸಿಗಲ್ಲ. ಎಷ್ಟು ನಡೆದರೆ ಸಾಕು?

ಡಾ_ಮೈಸೂರು
ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಅಂದರೆ ಮಾತಾಡಬಹುದು ಹಾಡಲು ಆಗಬಾರದು, ಅಷ್ಟು ವೇಗ. ಒಟ್ಟಿಗೇ ಆಗಬೇಕಂತಿಲ್ಲ. ಬಾಡಿಗೆ ಕಾಯುವಾಗ ಗಾಡಿ ಪಕ್ಕದಲ್ಲಿ ಹತ್ತು ಹತ್ತು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ.

ಗಲ್ಲಾಪೆಟ್ಟಿಗೆ_ದಾವಣಗೆರೆ
ನಾನು ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ನಡೆಯುತ್ತೇನೆ, ಮಿರ್ಚಿ ಇವತ್ತಿಂದ ಇಲ್ಲ. ಮನೆಯಲ್ಲೇ ಬಿಪಿ ನೋಡಲು ಯಂತ್ರ ತರಬೇಕು ಅಂದುಕೊಂಡಿದ್ದೇನೆ. ಯಾವುದು ತರಲಿ? ಲ್ಯಾಬಿನಲ್ಲಿ ಒಂದು ಹೇಳುತ್ತದೆ, ಕ್ಲಿನಿಕ್ಕಿನಲ್ಲಿ ಇನ್ನೊಂದು.

ನರ್ಸಕ್ಕ_ಮಂಡ್ಯ
ಕಂಪನಿಗಿಂತ ಮೊದಲು ಪಟ್ಟಿ ನೋಡಿ. ತೋಳಿನ ನಡುವಿನ ಸುತ್ತಳತೆ ಟೇಪಿನಲ್ಲಿ ಅಳೆಯಿರಿ. ಯಂತ್ರದ ಜೊತೆ ಬರುವ ಸಾಮಾನ್ಯ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂ.ಮೀ. ತೋಳಿಗೆ. ನಿಮ್ಮದು ಅದಕ್ಕಿಂತ ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ ತಗೊಳ್ಳಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎರಡು ಕಡೆ ಎರಡು ಸಂಖ್ಯೆ ಬರಲು ಇದೂ ಒಂದು ಕಾರಣ ಇರಬಹುದು. ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ.

ನೋಡುವ ಮೊದಲು ಅರ್ಧ ಗಂಟೆ ಟೀ, ಕಾಫಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, 5 ನಿಮಿಷ ಸುಮ್ಮನೆ ಕೂತುಕೊಳ್ಳಿ. ಕೈ ಎದೆ ಮಟ್ಟಕ್ಕೆ ಮೇಜಿನ ಮೇಲಿರಲಿ, ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಡಾಕ್ಟರ ಹತ್ತಿರ ಹೋಗುವ ಮೊದಲಿನ ಒಂದು ವಾರ ಬೆಳಗ್ಗೆ, ಸಂಜೆ ಹೀಗೆ ಬರೆದು ಆ ಚೀಟಿ ತೋರಿಸಿ.

ಗಲ್ಲಾಪೆಟ್ಟಿಗೆ_ದಾವಣಗೆರೆ
ಅಂಗಡಿಯ ಟೇಪಲ್ಲೇ ಅಳೆದೆ ಅಕ್ಕ. ತೋಳು 36 ಸೆಂ.ಮೀ. ಇದೆ.

ನರ್ಸಕ್ಕ_ಮಂಡ್ಯ
ಹಾಗಾದರೆ ದೊಡ್ಡ ಪಟ್ಟಿಯೇ ಬೇಕು. ಮುಂದಿನ ಸಲ ಕ್ಲಿನಿಕ್ಕಿನಲ್ಲೂ ಅದನ್ನೇ ಕಟ್ಟಿ ನೋಡಿ ಅಂತ ಕೇಳಿ, ಸಂಕೋಚ ಬೇಡ. ಅಲ್ಲಿಯ ತನಕ ಮಾತ್ರೆ ಹಾಗೇ ಮುಂದುವರಿಸಿ.